ಕಬ್ಬಿನ ಕಣ್ಣಿನೊಳಗಣ ವಂಶಾವಳಿ

ಘಟಪ್ರಭೆಯ ಇಕ್ಕೆಲದ ಹಳ್ಳಿಗಳಲ್ಲಿ, ಸುಗ್ಗಿ ಮುಗಿದು ಕಣದ ಕಾಳು ಹಗೇವು ಸೇರಿದ ತರುವಾಯ, ಸಿಂಗರಿಸಿದ ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯೊಳಗೆ ಮರೆಮಾಡಿಕೊಂಡು, ಗಂಟೆಯ ನಾದವನ್ನು ಮುಂದಿಟ್ಟುಕೊಂಡು ಬೀದಿಯನ್ನು ಪ್ರವೇಶಿಸುತ್ತಿದ್ದ ಹೆಳವನು ಒಂದು ಕಾಲಕ್ಕೆ ಒಕ್ಕಲುಮಕ್ಕಳ ಮನೆಮನೆಗೂ ಬೇಕಾದ ಅತಿಥಿಯಾಗಿದ್ದನು. ಕಟ್ಟೆಯ ಮುಂದೆ ಎತ್ತನ್ನು ನಿಲ್ಲಿಸಿ ಅವನು ಬಾಯಿ ತೆರೆದನೆಂದರೆ, ಆ ಮನೆಯ ಮೂಲಪುರುಷನು ಯಾವ ಊರನ್ನು ಬಿಟ್ಟು ಈ ಹೊಳೆಯ ದಡಕ್ಕೆ ಬಂದನು, ಅವನಿಗೆ ಮಕ್ಕಳೆಷ್ಟು ಮಂದಿ, ಅವರಲ್ಲಿ ಯಾರು ಬೇರೆ ಸೀಮೆಯಲ್ಲಿ ನೆಲೆ ಹಿಡಿದರು, ಯಾರು ಕಾಳಗದಲ್ಲಿ ಮಡಿದರು, ಯಾರು ಬಾವಿ ತೋಡಿಸಿದರು ಎಂಬುದೆಲ್ಲವೂ ಒಂದೇ ರಾಗದಲ್ಲಿ ತಡೆಯಿಲ್ಲದೆ ಹರಿದುಬರುತ್ತಿತ್ತು; ಕಡೆಯಲ್ಲಿ, ಹಿಂದಿನ ಭೇಟಿಯ ಬಳಿಕ ಹುಟ್ಟಿದ ಮಕ್ಕಳ ಹೆಸರುಗಳನ್ನು ಕೇಳಿ ತನ್ನ ಹೊತ್ತಿಗೆಗೆ ಹಚ್ಚಿಕೊಂಡು, ಕಾಳು, ಬಟ್ಟೆ, ಪಾತ್ರೆ, ಅನುಕೂಲವಂತರ ಮನೆಯಾದರೆ ಒಂದು ಕರು, ಹೀಗೆ ಸಂದದ್ದನ್ನು ಪಡೆದು ಅವನು ಮುಂದಿನ ಮನೆಗೆ ಸಾಗುತ್ತಿದ್ದನು. ಹೆಳವ ಎಂಬ ಮಾತಿಗೆ ಕುಂಟನೆಂದರ್ಥ; ನಡೆಯಲಾರದ ಪೂರ್ವಜನೊಬ್ಬನಿಗೆ ಎತ್ತೇ ಕಾಲಾಗಿ ಒದಗಿತೆಂಬ ನೆನಪನ್ನು ಕಾಲು ಮುಚ್ಚಿದ ಆ ಕಂಬಳಿಯು ಉಳಿಸಿಕೊಂಡು ಬಂದಿದೆ. 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿಯವರು ಹೆಳವರನ್ನು ಗ್ರಾಮಚರಿತ್ರೆಯ ಪಾಲಕರೆಂದು ಕರೆದು, ಕಂಬಳಿಯ ಈ ಸಂಗತಿಯನ್ನೂ ಮರೆಯದೆ ದಾಖಲಿಸಿದ್ದಾರೆ.

ಈ ಸಂಪ್ರದಾಯದಲ್ಲಿ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವ ಅಂಶವೊಂದುಂಟು. ಹೆಳವನ ಹೊತ್ತಿಗೆ ಹಳೆಯದಾಗುತ್ತದೆ. ಒಲೆಯ ಹೊಗೆಗೆ ಕಂದಿ, ಹುಳುವಿನ ಬಾಯಿಗೆ ಸಿಕ್ಕಿ, ಮಡಿಕೆಯಲ್ಲಿ ಹರಿಯುತ್ತದೆ. ಆಗ ಅವನು ಹೊಸ ಹೊತ್ತಿಗೆಗೆ ಹಳೆಯದರ ಪ್ರತಿಯನ್ನೆತ್ತುತ್ತಾನೆ. ಒಂದು ಕಾಲದ ತಾಳೆಯೋಲೆ ಇನ್ನೊಂದು ಕಾಲಕ್ಕೆ ಕಾಗದವಾಯಿತು, ಕಂಟದ ಬದಲು ಲೇಖನಿ ಬಂದಿತು, ಮಸಿಯ ಬಣ್ಣ ಬದಲಾಯಿತು. ಇಷ್ಟೆಲ್ಲ ಪಲ್ಲಟಗಳ ನಡುವೆ ಕೆಡದೆ ಉಳಿದುಬಂದದ್ದು ಯಾವುದು? ಹೆಸರುಗಳ ಅನುಕ್ರಮ. ಯಾವ ಹೆಸರಿನ ಕೆಳಗೆ ಯಾವ ಹೆಸರು ಎಂಬ ಆ ಒಂದು ಕ್ರಮವು ಕೆಡದಿದ್ದರೆ ವಂಶವು ಉಳಿಯಿತು, ಕ್ರಮವು ಕೆಟ್ಟರೆ ಎಷ್ಟು ಬೆಲೆಯ ಕಾಗದವಿದ್ದರೂ ವಂಶವು ಹೋಯಿತು. ಜೀವಸೃಷ್ಟಿಯಲ್ಲಿ ತಂದೆತಾಯಿಗಳ ಗುಣವು ಮಕ್ಕಳಿಗೆ ಇಳಿಯುವ ಬಗೆಯೂ ಬಹುಮಟ್ಟಿಗೆ ಇದೇ ಎಂಬುದನ್ನು ಕಳೆದ ಶತಮಾನದ ವಿಜ್ಞಾನವು ಕಂಡುಹಿಡಿಯಿತು. ಆ ಮಾತನ್ನು ನಮ್ಮ ಸೀಮೆಯ ಹೊಲದಲ್ಲಿಯೇ ನಿಂತು ನೋಡಬೇಕೆಂಬುದು ನನ್ನ ಆಸೆ. ಅದಕ್ಕೆ ತಕ್ಕ ಸಾಕ್ಷಿಯಾಗಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ನೆಲವನ್ನೆಲ್ಲ ಆವರಿಸಿ ನಿಂತಿರುವ ಕಬ್ಬಿಗಿಂತ ಉತ್ತಮವಾದ ಬೆಳೆಯು ದೊರೆಯದು.

ಸಹ್ಯಾದ್ರಿಯಲ್ಲಿ ಹುಟ್ಟಿ, ಹಿರಣ್ಯಕೇಶಿಯನ್ನು ಕೂಡಿಸಿಕೊಂಡು, ಗೋಕಾಕದ ಬಂಡೆಯ ಅಂಚಿನಿಂದ 52 ಮೀಟರು ಕೆಳಗೆ ಧುಮುಕಿ, ಮಾರ್ಕಂಡೇಯವನ್ನೂ ಕೂಡಿಸಿಕೊಂಡು ಮೂಡಲಿಗೆ ಹರಿದು ಕೃಷ್ಣೆಯನ್ನು ಸೇರುವ ಈ ಹೊಳೆಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಧೂಪದಾಳದ ಬಳಿ ಅಡ್ಡಗಟ್ಟೆ ಬಿದ್ದು ಕಾಲುವೆ ಹೊರಟಿತು. ಹಿಡಕಲ್ಲಿನಲ್ಲಿ 51 ಟಿ.ಎಂ.ಸಿ. ನೀರನ್ನು ಹಿಡಿಯುವ, ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಹೊತ್ತ ಜಲಾಶಯವು 1970ರ ದಶಕದಲ್ಲಿ ಸಿದ್ಧವಾಯಿತು. ಕಾಲುವೆಗಳು ಬರುವುದಕ್ಕೆ ಮುಂಚೆ ಇಲ್ಲಿ ಕಬ್ಬೆಂದರೆ ಬಾವಿಯ ನೀರಿನ ಕಬ್ಬು, ಎತ್ತುಗಳು ಮಟ್ಟಿಯಿಂದ ಎತ್ತಿ ಹಾಕಿದ ನೀರನ್ನು ಕುಡಿದು ಬೆಳೆದ ತುಂಡು ಹೊಲಗಳ ಕಬ್ಬು. ಊರ ಹೊರಗೆ ಗಾಣ ಹೂಡಿ, ಎತ್ತು ಕಟ್ಟಿ ತಿರುಗಿಸಿ, ಹಿಂಡಿದ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ, ಹಸುರು ಬುರುಗನ್ನು ತೆಗೆದು, ಪಾಕವು ಹದಕ್ಕೆ ಬಂದೊಡನೆ ಅಚ್ಚಿಗೆ ಸುರಿಯುವ ಆ ರಾತ್ರಿಗಳ ಪರಿಮಳವನ್ನು ಬಲ್ಲವರಿಗೆ, ಗೋಕಾಕದ ಕರದಂಟಿನ ರುಚಿಯು ಬೆಲ್ಲದಿಂದ ಮೊದಲಾಗುತ್ತದೆಯೆಂದು ಬೇರೆಯಾಗಿ ಹೇಳಬೇಕಾಗಿಲ್ಲ. 1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆತ ಮೇಲೆ ದೇಶದಲ್ಲೆಲ್ಲ ಕಾರಖಾನೆಗಳು ಎದ್ದವು. ಸ್ವಾತಂತ್ರ್ಯಾನಂತರ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆಯೂ ಗೋಕಾಕ ಸೀಮೆಯಲ್ಲಿ ಘಟಪ್ರಭಾ ಸಹಕಾರಿ ಸಕ್ಕರೆ ಕಾರಖಾನೆಯೂ ನಿಂತವು. ಜೋಳದ ಹೊಲವು ಕಬ್ಬಿನ ಹೊಲವಾಯಿತು.

ಹಿಂದೆ ಮುಂಬಯಿ ಇಲಾಖೆಯ ದಖನ್ ಪ್ರಾಂತದಲ್ಲೆಲ್ಲ ಬೆಳೆಯುತ್ತಿದ್ದ ದಪ್ಪ ಕಬ್ಬಿಗೆ ಪುಂಡ್ಯಾ ಎಂದು ಹೆಸರು. ಸುಶ್ರುತಸಂಹಿತೆಯು ಎಣಿಸುವ ಇಕ್ಷುಭೇದಗಳಲ್ಲಿ ಪೌಂಡ್ರಕವೆಂಬುದೊಂದಿದೆ. ಎರಡು ಹೆಸರುಗಳ ಹೋಲಿಕೆಯು ಕಿವಿಗೆ ತಾನಾಗಿಯೇ ಬೀಳುತ್ತದೆ. ರಸದಾಳಿ ಎಂಬ ಹೆಸರೂ ಕನ್ನಡ ನಾಡಿಗೆ ಹಳೆಯದೇ. ಇಂಥ ತಳಿಗಳು ಅಷ್ಟು ಶತಮಾನಗಳ ಕಾಲ ತಮ್ಮ ಗುಣವನ್ನು ಬಿಟ್ಟುಕೊಡದೆ ಉಳಿದುಬಂದದ್ದು ಹೇಗೆ? ಉತ್ತರವು ಒಕ್ಕಲಿಗನ ಕೈಯೊಳಗಣ ಕುಡಗೋಲಿನಲ್ಲಿದೆ. ಜೋಳಕ್ಕೆ ಬಿತ್ತುವ ಕಾಳಿದ್ದಂತೆ ಕಬ್ಬಿಗೆ ಇಲ್ಲ. ಬೀಜದ ಕಬ್ಬೆಂದರೆ ಕಬ್ಬೇ. ಗಣಿಕೆಯನ್ನು ಎರಡು ಕಣ್ಣಿನ, ಮೂರು ಕಣ್ಣಿನ ತುಂಡುಗಳಾಗಿ ಕಡಿದು ಹಸಿ ಸಾಲಿನಲ್ಲಿ ಒತ್ತಿದರೆ, ಒಂದೊಂದು ಕಣ್ಣೂ ಚಿಗುರಿ ಒಂದೊಂದು ಹಿಂಡಾಗುತ್ತದೆ. ಕಟಾವಾದ ಬುಡದಿಂದ ಕೂಳೆ ಮತ್ತೆ ಏಳುತ್ತದೆ. ಗಂಡುಹೆಣ್ಣುಗಳ ಸಂಯೋಗವಿಲ್ಲದೆ ಹೀಗೆ ಒಡಲಿನಿಂದ ಒಡಲು ಮೊಳೆಯುವುದರಿಂದ, ಇಂದು ಅರಭಾವಿಯ ಮಗ್ಗುಲ ಹೊಲದಲ್ಲಿ ನಿಂತ ಕಬ್ಬೂ ಐವತ್ತು ಹರದಾರಿ ದೂರದ ಇನ್ನೊಂದು ಹೊಲದ ಅದೇ ತಳಿಯ ಕಬ್ಬೂ ಅಣ್ಣತಮ್ಮಂದಿರಲ್ಲ. ವಸ್ತುತಃ ಅವೆರಡೂ ಒಂದೇ ಗಿಡದ ದೂರ ಚಾಚಿದ ಕೊಂಬೆಗಳು.

ಕಬ್ಬಿನ ಈ ಕಣ್ಣು ನೋಡುವುದಕ್ಕೆ ಗೋಧಿಯ ಕಾಳಿಗಿಂತ ತುಸು ದೊಡ್ಡದಾದ, ಎಸಳುಗಳಿಂದ ಮುಚ್ಚಿದ ಒಂದು ಉಬ್ಬು. ಕಬ್ಬು ನೆಟ್ಟಗೆ ನಿಂತಿರುವಷ್ಟು ಕಾಲ ಅದು ನಿದ್ರಿಸುತ್ತದೆ, ಏಕೆಂದರೆ ಮೇಲಿನ ಸುಳಿಯಿಂದ ಇಳಿಯುವ ಚೋದಕ ರಸವು ಕೆಳಗಿನ ಕಣ್ಣುಗಳನ್ನು ತಡೆದಿಡುತ್ತದೆ. ಸುಳಿಯನ್ನು ಕಡಿದು ತುಂಡು ಮಾಡಿದೊಡನೆ ಆ ತಡೆ ಹರಿದು ಕಣ್ಣು ಎಚ್ಚರಗೊಳ್ಳುತ್ತದೆ. ಬೇರು ಹೇಗಿರಬೇಕು, ಎಲೆ ಎಷ್ಟು ಅಗಲವಿರಬೇಕು, ಗಣಿಕೆಯ ಬಣ್ಣವೇನು, ಹಾಲಿನ ಸಿಹಿಯೆಷ್ಟು, ಯಾವ ರೋಗಕ್ಕೆ ಬಾಗಬೇಕು, ಯಾವುದಕ್ಕೆ ಬಾಗಬಾರದು, ಇಷ್ಟೂ ಆಜ್ಞೆಗಳು ಆ ಚಿಕ್ಕ ಉಬ್ಬಿನೊಳಗೆ ಮೊದಲೇ ಇದ್ದುವೆಂದಾಯಿತು. ಗೋಕಾಕದ ಗೊಂಬೆಯ ಕುಶಲಕರ್ಮಿಗಳು ಹಗುರವಾದ ಕಟ್ಟಿಗೆಯಲ್ಲಿ ಬಾಳೆಯನ್ನೂ ಮಾವನ್ನೂ ಕಡೆದು ಬಣ್ಣವಿಟ್ಟರೆ ನಿಜದ ಹಣ್ಣೆಂದು ಕೈ ತಾನಾಗಿ ಮುಂದಕ್ಕೆ ಚಾಚುತ್ತದೆ. ಅಷ್ಟು ಪರಿಪೂರ್ಣವಾದ ಆ ಹಣ್ಣಿನೊಳಗೆ ಇನ್ನೊಂದು ಹಣ್ಣನ್ನು ಮಾಡಿಸುವ ಆಜ್ಞೆಯಿಲ್ಲ. ಕಬ್ಬಿನ ಕಣ್ಣಿನಲ್ಲಿ ಅದಿದೆ. ಅದು ಎಲ್ಲಿ, ಯಾವ ರೂಪದಲ್ಲಿದೆ?

ಈ ಪ್ರಶ್ನೆಯ ಉತ್ತರಕ್ಕೆ ಬರುವ ಮುನ್ನ ಕಬ್ಬಿನ ಕಥೆಯಲ್ಲಿಯೇ ಒಂದು ತಿರುವನ್ನು ಹೇಳಬೇಕು. ಕಬ್ಬು ಹೂ ಬಿಡುತ್ತದೆಂಬುದನ್ನು ಎಲ್ಲರೂ ಕಂಡಿದ್ದರು. ಆ ತೆನೆಯಲ್ಲಿ ಮೊಳೆಯುವ ಶಕ್ತಿಯುಳ್ಳ ಬೀಜವಿದೆಯೆಂಬುದನ್ನು ವಿದ್ವಾಂಸರು ನಂಬಿರಲಿಲ್ಲ. ಗೋಕಾಕ ಜಲಪಾತದ ನೆತ್ತಿಯ ಮೇಲೆ ನೂಲಿನ ಗಿರಣಿಯು ತನ್ನ ಮೊದಲ ಎಳೆಗಳನ್ನು ಹೊಸೆಯತೊಡಗಿದ 1880ರ ದಶಕದಲ್ಲಿಯೇ, ಜಾವಾ ದ್ವೀಪದಲ್ಲಿ ಸೋಲ್ಟ್‌ವೆಡೆಲ್ ಎಂಬುವನೂ ಬಾರ್ಬಡೋಸ್ ದ್ವೀಪದಲ್ಲಿ ಹ್ಯಾರಿಸನ್ ಮತ್ತು ಬೋವೆಲ್ ಎಂಬುವರೂ ಕಬ್ಬಿನ ಬೀಜದಿಂದ ಸಸಿಗಳನ್ನು ಎಬ್ಬಿಸಬಹುದೆಂದು ತೋರಿಸಿದರು. ಅಲ್ಲಿಯ ತನಕ ನಕಲಿನಿಂದ ನಕಲಾಗಿ ಬಂದಿದ್ದ ಸಸ್ಯಕ್ಕೆ ಮದುವೆಯ ಬಾಗಿಲು ಹೀಗೆ ತೆರೆಯಿತು. 1912ರಲ್ಲಿ ಕೊಯಮತ್ತೂರಿನಲ್ಲಿ, ಕಬ್ಬು ಯಥೇಚ್ಛವಾಗಿ ಹೂ ಬಿಡುವ ಹವೆಯನ್ನು ನೋಡಿ, ಕಬ್ಬಿನ ತಳಿಗಳ ಸಂವರ್ಧನ ಕೇಂದ್ರವು ಸ್ಥಾಪಿತವಾಯಿತು. ಅಲ್ಲಿನ ಸಿ. ಎ. ಬಾರ್ಬರ್ ಅವರೂ ಅವರ ಸಹಾಯಕರಾಗಿದ್ದು ತರುವಾಯ ಅದೇ ಸ್ಥಾನಕ್ಕೆ ಬಂದ ಟಿ. ಎಸ್. ವೆಂಕಟರಾಮನ್ ಅವರೂ, ವೆಳ್ಳೈ ಎಂಬ ರಸವತ್ತಾದ ಕಬ್ಬಿಗೆ ಹೊಳೆಯ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡು ಹುಲ್ಲೊಂದರ ಪರಾಗವನ್ನು ಕೂಡಿಸಿ, ಕೋ 205 ಎಂಬ ತಳಿಯನ್ನು ಪಡೆದರು. 1918ರಲ್ಲಿ ಅದು ಪಂಜಾಬಿನ ಹೊಲಗಳಿಗೆ ಹೋಯಿತು.

ಆ ಕಾಡು ಹುಲ್ಲು ಯಾವುದು? ಶರದೃತುವಿನ ವರ್ಣನೆ ಬಂದಲ್ಲೆಲ್ಲ ಸಂಸ್ಕೃತ ಕವಿಗಳು ಬೆಳ್ಳಗೆ ಅರಳಿಸಿ ನಿಲ್ಲಿಸುವ ಕಾಶ. ಒಂದು ಹನಿ ಸಿಹಿಯೂ ದಕ್ಕದ, ದನವೂ ಮನಸ್ಸಿಲ್ಲದೆ ಮೇಯುವ ಈ ತೃಣದಲ್ಲಿ ಬರವನ್ನೂ ಜೌಗನ್ನೂ ರೋಗವನ್ನೂ ತಡೆದು ನಿಲ್ಲುವ ಸತ್ತ್ವವಿತ್ತು. ನಾಡಕಬ್ಬಿನಲ್ಲಿ ಸಿಹಿಯಿತ್ತು, ತ್ರಾಣವಿರಲಿಲ್ಲ. ಎರಡನ್ನೂ ಬೆರೆಸಿ, ಹುಟ್ಟಿದ ಸಂತಾನವನ್ನು ಮತ್ತೆ ಮತ್ತೆ ಸಿಹಿಯ ಕುಲದೊಡನೆಯೇ ಕೂಡಿಸುತ್ತ ಹೋಗಿ, ತ್ರಾಣವನ್ನು ಉಳಿಸಿಕೊಂಡು ಸಿಹಿಯನ್ನು ಮರಳಿ ಪಡೆಯುವ ಮಾರ್ಗವನ್ನು ಜಾವಾದ ಡಚ್ ವಿಜ್ಞಾನಿಗಳು ಮೊದಲು ಹಿಡಿದರು. ಈ ಮದುವೆಯಲ್ಲಿ ಒಂದು ವಿಚಿತ್ರವನ್ನೂ ಅವರು ಕಂಡರು. ಜೀವಕೋಶದ ಕೇಂದ್ರದಲ್ಲಿ ವರ್ಣತಂತುಗಳೆಂಬ ಸೂಕ್ಷ್ಮ ಎಳೆಗಳಿರುತ್ತವೆ; ಸಾಮಾನ್ಯವಾಗಿ ತಾಯಿಯೂ ತಂದೆಯೂ ತಮ್ಮಲ್ಲಿರುವುದರ ಅರ್ಧರ್ಧವನ್ನು ಮಗುವಿಗೆ ಕೊಡುತ್ತಾರೆ. ನಾಡಕಬ್ಬಿನಲ್ಲಿ ಈ ತಂತುಗಳು 80. ಅದನ್ನು ತಾಯಿಯನ್ನಾಗಿಯೂ ಕಾಶವನ್ನು ತಂದೆಯನ್ನಾಗಿಯೂ ಮಾಡಿದಾಗ, ತಂದೆಯು ನಿಯಮದಂತೆ ಅರ್ಧವನ್ನಷ್ಟೇ ಕೊಟ್ಟರೆ, ತಾಯಿಯು ತನ್ನ 80ನ್ನೂ ಮಗುವಿಗೆ ಧಾರೆಯೆರೆಯುತ್ತಾಳೆಂದು 1920ರ ದಶಕದಲ್ಲಿ ಬ್ರೆಮರ್ ಎಂಬ ವಿದ್ವಾಂಸನು ತೋರಿಸಿದನು. ಹೆಳವನ ಹೊತ್ತಿಗೆಯು ತಂದೆಯಿಂದ ಮಗನಿಗೆ ಇಳಿಯುವ ಎಳೆಯನ್ನೇ ಪ್ರಧಾನವಾಗಿ ಹಿಡಿದು ಬರೆದುದು. ಕಬ್ಬಿನ ವಂಶಾವಳಿಯಲ್ಲಿ ತಾಯಿಯ ಪಾಲೇ ಮಿಗಿಲೆಂಬುದನ್ನು ಓದಿದ ದಿನ ನನಗೆ ನಮ್ಮ ಮನೆಯ ಹೆಣ್ಣುಮಕ್ಕಳ, ಯಾವ ಹೊತ್ತಿಗೆಯಲ್ಲಿಯೂ ಸೇರದೆ ಹೋದ ಹೆಸರುಗಳು ನೆನಪಾದವು. 1934ರಲ್ಲಿ ಕೊಯಮತ್ತೂರಿನ ಕೇಂದ್ರವನ್ನು ಸೇರಿ, ಕಬ್ಬಿನ ಮತ್ತು ಅದರ ದಾಯಾದಿ ಹುಲ್ಲುಗಳ ಈ ತಂತುಗಳನ್ನು ಎಣಿಸುವುದರಲ್ಲಿ ವರ್ಷಗಳನ್ನು ಕಳೆದವರು ಇ. ಕೆ. ಜಾನಕಿ ಅಮ್ಮಾಳ್ ಎಂಬ ಮಹಿಳೆಯೇ ಎಂಬುದನ್ನೂ ಇಲ್ಲಿ ಹೇಳಬೇಕು. 1945ರಲ್ಲಿ ಅವರು ಸಿ. ಡಿ. ಡಾರ್ಲಿಂಗ್ಟನ್ ಅವರೊಡನೆ ಪ್ರಕಟಿಸಿದ, ಕೃಷಿಸಸ್ಯಗಳ ವರ್ಣತಂತುಗಳ ಕೋಶವು ಆ ಶಾಸ್ತ್ರದ ಆಧಾರಗ್ರಂಥವಾಯಿತು.

ವರ್ಣತಂತುಗಳಲ್ಲಿ ವಂಶಗುಣವಿದೆಯೆಂಬುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ವಿದ್ವಾಂಸರಿಗೆ ಹೊಳೆದಿತ್ತು. ಮೆಂಡೆಲನು ಬಟಾಣಿಯ ಗಿಡಗಳಲ್ಲಿ ಕಂಡ ಲೆಕ್ಕಾಚಾರ ಆ ತಂತುಗಳ ನಡೆಗೆ ಸರಿಹೊಂದುತ್ತಿತ್ತು. ಆದರೆ ತಂತುವಿನಲ್ಲಿ ಪ್ರೋಟೀನೂ ಇದೆ, ಡಿ.ಎನ್.ಎ. ಎಂಬ ಆಮ್ಲವೂ ಇದೆ. ಇವೆರಡರಲ್ಲಿ ಲಿಪಿ ಯಾವುದು, ಹೊದಿಕೆ ಯಾವುದು? ಆ ಆಮ್ಲವನ್ನು 1869ರಲ್ಲಿಯೇ ಮೀಶರ್ ಎಂಬ ಯುವಕನು ಆಸ್ಪತ್ರೆಯ ಗಾಯದ ಪಟ್ಟಿಗಳ ಕೀವಿನಿಂದ ಬೇರ್ಪಡಿಸಿದ್ದನು. ಅದರ ರಚನೆಯು ತೀರ ಸರಳವೆಂದು ಬಗೆದು ಮುಂದಿನ ತಲೆಮಾರುಗಳು ಅದನ್ನು ಕಡೆಗಣಿಸಿದವು. 1944ರಲ್ಲಿ ನ್ಯೂಯಾರ್ಕಿನಲ್ಲಿ ಏವರಿ ಮತ್ತು ಅವರ ಇಬ್ಬರು ಸಂಗಡಿಗರು, ಒಂದು ಬಗೆಯ ರೋಗಾಣುವಿನ ಡಿ.ಎನ್.ಎ.ಯನ್ನು ಶುದ್ಧವಾಗಿ ತೆಗೆದು ಇನ್ನೊಂದು ಬಗೆಗೆ ಉಣಿಸಿದಾಗ ಎರಡನೆಯದು ಮೊದಲಿನದರ ಗುಣವನ್ನು ತಾಳಿತೆಂದೂ, ಆ ಗುಣವು ಅದರ ಸಂತತಿಗೂ ಇಳಿಯಿತೆಂದೂ ತೋರಿಸಿದ ಮೇಲೆ ಸಂಶಯಕ್ಕೆ ಹೆಚ್ಚು ಎಡೆಯುಳಿಯಲಿಲ್ಲ. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಅವರ ಮಾರ್ಗದರ್ಶನದಲ್ಲಿ ರೇಮಂಡ್ ಗಾಸ್ಲಿಂಗ್ ಎಕ್ಸ್ ಕಿರಣಗಳಿಂದ ತೆಗೆದ ಚಿತ್ರವು ಆ ಅಣುವು ಸುರುಳಿಯೆಂಬುದನ್ನು ಸಾರಿತು. 1953ರ ಏಪ್ರಿಲ್ 25ರಂದು ವಾಟ್ಸನ್ ಮತ್ತು ಕ್ರಿಕ್ ಅದರ ಪೂರ್ಣ ರಚನೆಯನ್ನು ಪ್ರಕಟಿಸಿದರು. 1962ರ ನೊಬೆಲ್ ಪಾರಿತೋಷಕವು ಇವರಿಬ್ಬರಿಗೂ ವಿಲ್ಕಿನ್ಸ್ ಅವರಿಗೂ ಸಂದಾಗ ಫ್ರಾಂಕ್ಲಿನ್ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಆ ಚಿತ್ರವಿಲ್ಲದೆ ಆ ರಚನೆಯು ಅಷ್ಟು ಬೇಗ ದೊರಕುತ್ತಿರಲಿಲ್ಲವೆಂಬುದನ್ನು ಮನಃಪೂರ್ವಕವಾಗಿ ಹೇಳದೆ ಈ ಕಥೆಯನ್ನು ಹೇಳುವುದು ನ್ಯಾಯವಲ್ಲ.

ರಚನೆಯನ್ನು ಗೋಕಾಕದ ಗಿರಣಿಯ ನೂಲಿನ ಮೂಲಕ ತಿಳಿಯುವುದು ಸುಲಭ. ಎರಡು ಎಳೆಗಳನ್ನು ಒಂದರ ಸುತ್ತ ಒಂದನ್ನು ತಿರುವಿ ಹುರಿ ಮಾಡಿದ ನೂಲನ್ನು ನೆನೆಯಿರಿ, ಡಿ.ಎನ್.ಎ. ಅಂಥ ಎರಡೆಳೆಯ ಹುರಿ, ಆದರೆ ಅದರ ದಪ್ಪವು ಒಂದು ಮಿಲಿಮೀಟರಿನ ಐದು ಲಕ್ಷದ ಒಂದು ಪಾಲು. ಒಂದೆಳೆಯು ಮೇಲ್ಮುಖವಾಗಿ ಸಾಗಿದರೆ ಇನ್ನೊಂದು ಕೆಳಮುಖವಾಗಿ ಸಾಗುತ್ತದೆ. ಎಳೆಯ ಹೊರಮೈಯಲ್ಲಿ ರಂಜಕದ ಆಮ್ಲವೂ ಸಕ್ಕರೆಯೂ ಒಂದು ಬಿಟ್ಟು ಒಂದರಂತೆ ಪೋಣಿಸಲ್ಪಟ್ಟಿವೆ. ಅದು ನಾಲಗೆಗೆ ತಿಳಿಯುವ ಸಕ್ಕರೆಯಲ್ಲ, ಡಿ-ಆಕ್ಸಿರೈಬೋಸ್ ಎಂಬ ಐದಿಂಗಾಲದ ಸಕ್ಕರೆ. ಆದರೂ ಬೆಲ್ಲದ ಸೀಮೆಯವನಾದ ನನಗೆ, ಸಕಲ ಜೀವಿಗಳ ವಂಶಲಿಪಿಯೂ ಸಕ್ಕರೆಯ ಬೆನ್ನೆಲುಬಿನ ಮೇಲೆ ಬರೆದಿದೆಯೆಂಬುದು ಒಂದು ಆಪ್ತವಾದ ಸುದ್ದಿಯಾಗಿ ತೋರುತ್ತದೆ. ಸಕ್ಕರೆಯ ಒಂದೊಂದು ಮಣಿಯಿಂದಲೂ ಒಳಮುಖವಾಗಿ ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್ ಎಂಬ ನಾಲ್ಕರಲ್ಲಿ ಯಾವುದಾದರೊಂದು ಪ್ರತ್ಯಾಮ್ಲವು ಚಾಚಿರುತ್ತದೆ. ಅವನ್ನು ಅ, ಥ, ಗ, ಸ ಎಂಬ ನಾಲ್ಕು ಅಕ್ಷರಗಳೆಂದು ತಿಳಿಯೋಣ. ಅಕಾರದ ಎದುರಿಗೆ ಥಕಾರವೇ, ಗಕಾರದ ಎದುರಿಗೆ ಸಕಾರವೇ ಕೂಡಬಲ್ಲುದು; ಅ ಮತ್ತು ಥಗಳ ಪ್ರಮಾಣವೂ, ಗ ಮತ್ತು ಸಗಳ ಪ್ರಮಾಣವೂ ಸಮವಾಗಿರುತ್ತವೆಂದು ಷಾರ್ಗಾಫ್ ಎಂಬ ರಸಾಯನಜ್ಞನು ಮೊದಲೇ ಅಳೆದಿಟ್ಟಿದ್ದ ಲೆಕ್ಕಕ್ಕೆ ಅರ್ಥವು ಹೀಗೆ ದೊರೆಯಿತು.

ಈ ಕೂಡುವಿಕೆಯಲ್ಲಿಯೇ ಪ್ರತಿಯೆತ್ತುವ ರಹಸ್ಯವಿದೆ. ಹೆಳವನು ಹೊಸ ಹೊತ್ತಿಗೆಯನ್ನು ಬರೆಯುವಾಗ ಕಣ್ಣಿಗೂ ನೆನಪಿಗೂ ಶ್ರಮ ಕೊಡಬೇಕು. ಜೀವಕೋಶವು ಎರಡಾಗುವ ಮುನ್ನ ಹುರಿಯ ಎಳೆಗಳು ಬಿಚ್ಚಿಕೊಂಡು, ಒಂದೊಂದು ಹಳೆಯ ಎಳೆಯ ಎದುರಿಗೂ ಅದರ ಜೋಡಿ ಅಕ್ಷರಗಳು ಬಂದು ಕೂಡಿ, ಒಂದು ಹುರಿಯಿದ್ದಲ್ಲಿ ಅದರಂತೆಯೇ ಇರುವ ಎರಡು ಹುರಿಗಳಾಗುತ್ತವೆ. ಪ್ರತಿಯೊಂದು ಹೊಸ ಹುರಿಯಲ್ಲಿಯೂ ಒಂದೆಳೆ ಹಳೆಯದು, ಒಂದೆಳೆ ಹೊಸದು. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಇದನ್ನು ಪ್ರಯೋಗದಿಂದ ಸ್ಥಾಪಿಸಿದರು. ಪ್ರತಿಯೆತ್ತುವಾಗ ತಪ್ಪಾಗುವುದೂ ಉಂಟು. ಎಲ್ಲಿಯೋ ಒಂದು ಅಕ್ಷರವು ಪಲ್ಲಟಗೊಂಡು, ತಿದ್ದುವ ಕಿಣ್ವಗಳ ಕಣ್ಣಿಗೂ ಬೀಳದೆ ಉಳಿದರೆ ಅದು ಮುಂದಿನ ಪ್ರತಿಗಳಿಗೆಲ್ಲ ಇಳಿಯುತ್ತದೆ. ಹೊಲದ ಸಾಲಿನಲ್ಲಿ ಹಸುರು ಕಬ್ಬಿನ ನಡುವೆ ಗೆರೆ ಗೆರೆಯ ಬಣ್ಣದ ಒಂದೇ ಒಂದು ಗಣಿಕೆಯು ಕಾಣಿಸಿಕೊಂಡಾಗ ಒಕ್ಕಲಿಗನು ಅದನ್ನು ಬೇರೆಯಾಗಿ ಎತ್ತಿಟ್ಟು ನಟ್ಟು ನೋಡುತ್ತಿದ್ದನು. ಹಳೆಯ ತಳಿಗಳಲ್ಲಿ ಹೀಗೆ ಕಣ್ಣಿನ ಬದಲಾವಣೆಯಿಂದಲೇ ಹುಟ್ಟಿದವು ಕೆಲವುಂಟು.

ಇನ್ನು ಆಜ್ಞೆಯ ಮಾತು. ನಾಲ್ಕೇ ಅಕ್ಷರಗಳಿಂದ ಒಂದು ಕಬ್ಬನ್ನು ಬರೆಯುವುದು ಹೇಗೆ? ಜೀವಿಯ ಕೆಲಸವನ್ನೆಲ್ಲ ನಡೆಸುವ ಪ್ರೋಟೀನುಗಳು 20 ಬಗೆಯ ಅಮೈನೋ ಆಮ್ಲಗಳನ್ನು ಸರವಾಗಿ ಪೋಣಿಸಿದವು. ಸರದ ಕ್ರಮವೇ ಪ್ರೋಟೀನಿನ ಸ್ವಭಾವ. ನಾಲ್ಕು ಅಕ್ಷರಗಳನ್ನು ಎರಡೆರಡಾಗಿ ಓದಿದರೆ 16 ಪದಗಳಷ್ಟೇ ಆಗುತ್ತವೆ, 20ಕ್ಕೆ ಸಾಲದು. ಮೂರು ಮೂರಾಗಿ ಓದಿದರೆ 64 ಆಗುತ್ತವೆ. ಜೀವವು ಮೂರಕ್ಷರದ ಪದಗಳನ್ನೇ ಆರಿಸಿಕೊಂಡಿದೆ: 61 ಪದಗಳು ಯಾವುದಾದರೊಂದು ಅಮೈನೋ ಆಮ್ಲವನ್ನು ಹೇಳುತ್ತವೆ, ಉಳಿದ ಮೂರು ‘ಇಲ್ಲಿಗೆ ನಿಲ್ಲು’ ಎನ್ನುತ್ತವೆ. ಈ ಪದಕೋಶದ ಮೊದಲ ಪದವನ್ನು 1961ರಲ್ಲಿ ನೀರೆನ್‌ಬರ್ಗ್ ಮತ್ತು ಮಥಾಯ್ ಓದಿದರು. ಪಂಜಾಬಿನ ರಾಯಪುರವೆಂಬ ಹಳ್ಳಿಯಲ್ಲಿ ಪಟವಾರಿಯೊಬ್ಬರ ಮನೆಯಲ್ಲಿ ಹುಟ್ಟಿದ ಹರಗೋಬಿಂದ ಖುರಾನಾ ಅವರು ಗೊತ್ತಾದ ಕ್ರಮದ ಸರಗಳನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ಉಳಿದವನ್ನು ಬಿಡಿಸುವುದಕ್ಕೆ ನೆರವಾಗಿ, 1968ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಹೆಳವನು ಹೊತ್ತಿಗೆಯನ್ನು ಯಾರ ಕೈಗೂ ಕೊಡುವುದಿಲ್ಲ, ತಾನೇ ತೆರೆದು ಬೇಕಾದ ಮನೆತನದ ಭಾಗವನ್ನಷ್ಟೇ ಓದಿ ಹೇಳುತ್ತಾನೆ, ಡಿ.ಎನ್.ಎ.ಯೂ ಕೋಶಕೇಂದ್ರವನ್ನು ಬಿಟ್ಟು ಹೊರಡುವುದಿಲ್ಲ, ಬೇಕಾದ ಭಾಗದ ಪ್ರತಿಯು ಆರ್.ಎನ್.ಎ.ಯ ರೂಪದಲ್ಲಿ ಹೊರಬಂದು ರೈಬೋಸೋಮ್ ಎಂಬ ಕಮ್ಮಟದಲ್ಲಿ ಓದಲ್ಪಟ್ಟು ಪ್ರೋಟೀನಾಗುತ್ತದೆ. ಹೀಗೆ ಒಂದು ಪ್ರೋಟೀನಿನ ಆಜ್ಞೆಯನ್ನು ಹೊತ್ತ ಭಾಗವೇ ಒಂದು ವಂಶವಾಹಿ. ಬೇರಿನಲ್ಲಿಯೂ ಎಲೆಯಲ್ಲಿಯೂ ಕಣ್ಣಿನಲ್ಲಿಯೂ ಹೊತ್ತಿಗೆ ಒಂದೇ, ಓದುವ ಪುಟಗಳು ಬೇರೆ ಬೇರೆ.

ಕಾರಖಾನೆಯ ಅಂಗಳದಲ್ಲಿ ತೂಕಕ್ಕಾಗಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳ ಕಬ್ಬನ್ನು ನೋಡಿದವರಿಗೆ ಇದು ಪುಸ್ತಕದ ಮಾತಲ್ಲ. ಎಲೆಯಲ್ಲಿ ಬಿಸಿಲನ್ನೂ ಗಾಳಿಯನ್ನೂ ಸೇರಿಸಿ ಸುಕ್ರೋಸನ್ನು ಕಟ್ಟುವ ಕಿಣ್ವಗಳು ಕಬ್ಬಿನಲ್ಲಿರುವಂತೆಯೇ, ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸುಗಳಾಗಿ ಒಡೆಯುವ ಇನ್ವರ್ಟೇಸ್ ಎಂಬ ಕಿಣ್ವವೂ ಇದೆ. ಎರಡರ ಆಜ್ಞೆಯೂ ಅದೇ ಹುರಿಯಲ್ಲಿದೆ. ಕಬ್ಬು ನಿಂತಿರುವಾಗ ಮೊದಲಿನವುಗಳ ಕೈ ಮೇಲು. ಕಡಿದು ಎರಡು ದಿನ ಬಿಸಿಲಲ್ಲಿ ಬಿದ್ದರೆ ಎರಡನೆಯದರ ಕೈ ಮೇಲಾಗಿ, ಒಕ್ಕಲಿಗನು ಹದಿನಾಲ್ಕು ತಿಂಗಳು ನೀರುಣಿಸಿ ಕೂಡಿಸಿದ ಸಿಹಿಯು ಗಾಡಿಯ ಮೇಲೆಯೇ ಕರಗತೊಡಗುತ್ತದೆ. ಬೆಲ್ಲ ಕಟ್ಟುವವರು ಇಂದು ಕಡಿದ ಕಬ್ಬನ್ನು ಇಂದೇ ಗಾಣಕ್ಕೆ ಕೊಡಬೇಕೆಂದು ಪಟ್ಟು ಹಿಡಿಯುತ್ತಿದ್ದುದಕ್ಕೆ, ಹಳಸಿದ ಹಾಲು ಅಚ್ಚಿನಲ್ಲಿ ಗಟ್ಟಿಯಾಗದೆಂಬ ಅವರ ಅನುಭವಕ್ಕೆ, ಕಾರಣವು ಇದೇ.

ಕಬ್ಬಿನ ಹೊತ್ತಿಗೆಯಷ್ಟು ದಪ್ಪನಾದ ಹೊತ್ತಿಗೆಯು ಬೆಳೆಗಳಲ್ಲಿ ಅಪರೂಪ. ಮನುಷ್ಯನಿಗೆ ವರ್ಣತಂತುಗಳು 46. ಇಂದಿನ ಕಬ್ಬಿನ ತಳಿಗಳಲ್ಲಿ 100ಕ್ಕೂ ಮಿಗಿಲು. ರಿಯೂನಿಯನ್ ದ್ವೀಪದ ಆರ್ 570 ಎಂಬ ತಳಿಯ ಸಂಪೂರ್ಣ ವಂಶಲಿಪಿಯನ್ನು 2024ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದರ ಒಂದು ಕೋಶದೊಳಗಣ ಅಕ್ಷರಗಳು ಸುಮಾರು 1,000 ಕೋಟಿ. ಒಂದು ಅಕ್ಷರಕ್ಕೂ ಮುಂದಿನದಕ್ಕೂ ನಡುವಣ ಅಂತರವು 0.34 ನ್ಯಾನೋಮೀಟರು, ಲೆಕ್ಕ ಹಾಕಿದರೆ, ಕಣ್ಣಿಗೆ ಕಾಣದ ಒಂದು ಕೋಶದಲ್ಲಿ ಮಡಿಚಿಟ್ಟ ಹುರಿಗಳನ್ನು ಬಿಚ್ಚಿ ಒಂದರ ತುದಿಗೆ ಒಂದನ್ನು ಹಚ್ಚಿದರೆ ಮೂರು ಮೀಟರನ್ನು ಮೀರುತ್ತದೆ, ಅಂದರೆ ಹುಲುಸಾಗಿ ಬೆಳೆದು ನಿಂತ ಒಂದು ಕಬ್ಬಿನಷ್ಟೇ ಉದ್ದವಾಗುತ್ತದೆ.

ನಮ್ಮ ಹೊಲದ ಕಬ್ಬಿನ ವಂಶವನ್ನು ಹೆಳವನ ರೀತಿಯಲ್ಲಿ ಒಮ್ಮೆ ಹೇಳಬೇಕೆನಿಸುತ್ತದೆ. ಜಾವಾದ ಹೊಳೆಯ ದಂಡೆಯಲ್ಲಿ ಗ್ಲಾಗಾ ಎಂದು ಕರೆಯಿಸಿಕೊಂಡ ಕಾಡು ಕಾಶವು ಕಪ್ಪು ಚೆರಿಬಾನ್ ಎಂಬ ನಾಡಕಬ್ಬನ್ನು ಕೂಡಿ, ಮನುಷ್ಯರ ಕೈಯಿಲ್ಲದೆ ಹುಟ್ಟಿದ್ದು ಕಸ್ಸೂರ್. ಕಸ್ಸೂರಿನಿಂದ ಬಂದದ್ದು ಪಿ.ಓ.ಜೆ. 2364, ಅದರ ಹೊಟ್ಟೆಯಲ್ಲಿ, ಇ.ಕೆ. 28 ಎಂಬುದು ತಂದೆಯಾಗಿ, 1921ರ ಕೂಡಿಕೆಯಿಂದ ಹುಟ್ಟಿ ಲೋಕಪ್ರಸಿದ್ಧವಾದದ್ದು ಪಿ.ಓ.ಜೆ. 2878. ಅದು ಸಮುದ್ರ ದಾಟಿ ಕೊಯಮತ್ತೂರಿಗೆ ಬಂದು, ಕೋ 290ನ್ನು ಕೂಡಿ ಪಡೆದದ್ದು ಕೋ 419. ದಖನ್ನಿನಲ್ಲಿ ಪುಂಡ್ಯಾದ ಕಾಲ ಮುಗಿಸಿದ್ದು ಈ ಪೀಳಿಗೆ. ಅದೇ ಪಿ.ಓ.ಜೆ. 2878ರ ಇನ್ನೊಂದು ಮಗು ಕೋ 775; ಕ್ವೀನ್ಸ್‌ಲೆಂಡಿನ ಕ್ಯೂ 63ರ ಜೊತೆಗೆ ಅದು ಪಡೆದದ್ದು ಕಡಲೂರಿನಲ್ಲಿ ಆರಿಸಲ್ಪಟ್ಟ ಸಿ.ಓ.ಸಿ. 671, ನಮ್ಮ ಕಡೆಯ ಬೆಲ್ಲಕ್ಕೂ ಸಕ್ಕರೆಗೂ ಹೆಸರು ತಂದ ಕಬ್ಬು. ಆ 671 ತಂದೆಯಾಗಿ, ಕೋ 62198 ತಾಯಿಯಾಗಿ ಹುಟ್ಟಿ, 2000ದಲ್ಲಿ ಬಿಡುಗಡೆಗೊಂಡು ಇಂದು ಈ ಸೀಮೆಯನ್ನು ಬಹುವಾಗಿ ತುಂಬಿರುವುದು ಕೋ 86032. ಅದಕ್ಕೆ ಇಟ್ಟಿರುವ ಹೆಸರು ನಯನಾ. ಕಣ್ಣಿನಿಂದಲೇ ಬದುಕುವ ಬೆಳೆಗೆ ಇದಕ್ಕಿಂತ ತಕ್ಕ ಹೆಸರು ಯಾರಿಗೂ ತೋಚದು.

ಒಂದೇ ತಳಿಯು ಇಡೀ ಸೀಮೆಯನ್ನು ತುಂಬುವುದರಲ್ಲಿ ಒಂದು ಅಪಾಯವೂ ಅಡಗಿದೆ. ಎಲ್ಲ ಹೊಲಗಳಲ್ಲಿಯೂ ಒಂದೇ ಹೊತ್ತಿಗೆಯ ಪ್ರತಿಗಳಿರುವುದರಿಂದ, ಯಾವ ಶತ್ರುವು ಒಂದು ಗಿಡದ ದೌರ್ಬಲ್ಯವನ್ನು ಕಂಡುಕೊಂಡಿತೋ ಅದಕ್ಕೆ ಎಲ್ಲ ಗಿಡಗಳ ಬಾಗಿಲೂ ತೆರೆದಂತೆಯೇ. ಕೆಂಪು ಕೊಳೆ ರೋಗವು ದಕ್ಷಿಣದ ಕರಾವಳಿಯಲ್ಲಿ 671ನ್ನು ಹೀಗೆಯೇ ಹೊಲದಿಂದ ಹೊರಗೆ ಹಾಕಿತು. 2002ರಲ್ಲಿ ಸಾಂಗ್ಲಿಯ ಕಡೆಯಿಂದ ಬಿಳಿ ಉಣ್ಣೆಹೇನು ಬೆಳಗಾವಿ ಜಿಲ್ಲೆಗೆ ಬಂದಾಗಿನ ದೃಶ್ಯವನ್ನು ಮರೆತವರಿಲ್ಲ: ಎಲೆಯ ಅಡಿಯಲ್ಲೆಲ್ಲ ಹತ್ತಿಯನ್ನು ಅಂಟಿಸಿದಂತೆ ಬಿಳುಪು, ಅದು ಸುರಿಸಿದ ಅಂಟುರಸದ ಮೇಲೆ ಕಾಡಿಗೆಯಂಥ ಬೂಷ್ಟು, ಹೊಲದೊಳಗೆ ನಡೆದು ಹೊರಬಂದವರ ಅಂಗಿಯು ಬಿಳಿ ಧೂಳಿನಿಂದ ಮುಚ್ಚಿಹೋಗುತ್ತಿತ್ತು. ಕೊನೆಗೆ ಅದನ್ನು ತಗ್ಗಿಸಿದ್ದು ಔಷಧಕ್ಕಿಂತಲೂ ಹೆಚ್ಚಾಗಿ, ಹೇನನ್ನೇ ಆಹಾರ ಮಾಡಿಕೊಂಡ ಡೈಫಾ ಎಂಬ ಪತಂಗದ ಹುಳು ಮತ್ತು ಮೈಕ್ರೋಮಸ್ ಎಂಬ ಕೀಟ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅವುಗಳನ್ನು ಉಳಿಸಿ ಹಬ್ಬಿಸುವ ಕೆಲಸಕ್ಕೆ ನಿಂತರು. ಆ ಎರಡು ವರ್ಷಗಳ ನಷ್ಟದಲ್ಲಿ ಸಾಲಗಾರರಾದ ಮನೆಗಳನ್ನು ನಾನು ಬಲ್ಲೆ; ಎತ್ತುಗಳನ್ನು ಮಾರಿದ ಮೇಲೆ ಕೊಟ್ಟಿಗೆಯಲ್ಲಿ ಉಳಿದ ಗೂಟಗಳನ್ನು ಅವರು ಬಹಳ ದಿನ ಕೀಳಲಿಲ್ಲ.

ಆದುದರಿಂದಲೇ ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿರುವ, ಅದೇ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರದ ಕೆಲಸವು ನನಗೆ ದೊಡ್ಡದಾಗಿ ಕಾಣುತ್ತದೆ. ಕೊಯಮತ್ತೂರಿನ ರಾಷ್ಟ್ರೀಯ ಸಂಕರಣ ತೋಟದಲ್ಲಿ, ಹೂ ಬಿಡುವ ಋತುವಿನಲ್ಲಿ, ನಾನಾ ರಾಜ್ಯಗಳ ಕೇಂದ್ರದವರು ತಮಗೆ ಬೇಕಾದ ತಾಯಿತಂದೆಗಳನ್ನು ಆರಿಸಿ ಕೂಡಿಸುತ್ತಾರೆ. ಹತ್ತಿಯ ಅರಳೆಯಂತೆ ಹಗುರಾದ, ಊದಿದರೆ ಹಾರಿಹೋಗುವ ಆ ಬೀಜವನ್ನು ತಮ್ಮ ತಮ್ಮ ಊರುಗಳಿಗೆ ತಂದು ಮೊಳೆಯಿಸುತ್ತಾರೆ. ಒಂದೇ ತೆನೆಯ ಬೀಜಗಳಾದರೂ ಎರಡು ಸಸಿಗಳು ಒಂದೇ ಬಗೆಯಾಗಿರುವುದಿಲ್ಲ, ಏಕೆಂದರೆ ತಾಯಿತಂದೆಗಳ ನೂರಾರು ತಂತುಗಳು ಒಂದೊಂದು ಬೀಜದಲ್ಲಿಯೂ ಬೇರೊಂದು ಬಗೆಯಾಗಿ ಹಂಚಿಹೋಗಿರುತ್ತವೆ. ಒಂದು ತೆಳ್ಳಗೆ, ಒಂದು ದಪ್ಪಗೆ. ಒಂದಕ್ಕೆ ಮುಳ್ಳಿನ ಹೊದಿಕೆ, ಇನ್ನೊಂದಕ್ಕೆ ನುಣುಪು. ಒಂದರಲ್ಲಿ ಕಾಶದ ಬಿಳಿ ನೆನಪು, ಇನ್ನೊಂದರಲ್ಲಿ ಪುಂಡ್ಯಾದ ರಸ. ವರುಷ ವರುಷವೂ ಸಾಲು ಸಾಲನ್ನು ನಡೆದು ನೋಡಿ, ಹಾಲಿನ ಸಾಂದ್ರತೆಯನ್ನು ಅಳೆದು, ಕೂಳೆ ಏಳುವುದೋ ಇಲ್ಲವೋ ಕಾದು, ಸಾವಿರಾರು ಸಸಿಗಳಲ್ಲಿ ಒಂದನ್ನೋ ಎರಡನ್ನೋ ಉಳಿಸಿಕೊಂಡು ಉಳಿದುದನ್ನೆಲ್ಲ ಕಿತ್ತು ಹಾಕಿದ ಮೇಲೆ, ಸಂಕೇಶ್ವರದ ಹೆಸರಿನ ಎಸ್‌ಎನ್‌ಕೆ ಎಂಬ ಮೂರಕ್ಷರವನ್ನು ಹೊತ್ತ ತಳಿಯೊಂದು ಹೊರಡುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆ ಕುಡಗೋಲಿನ ವಶ. ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಬೀಜದ ಕಬ್ಬಾಗಿ ಗಾಡಿಯೇರಿ ಹೋಗುತ್ತದೆ.

ಹೊಸ ಕಬ್ಬನ್ನು ನೋಡಬಂದ ಹಿರಿಯ ಒಕ್ಕಲಿಗನು ಗಣಿಕೆಯನ್ನು ಕೈಯಲ್ಲಿ ತೂಗಿ, ಉಗುರಿನಿಂದ ಕಣ್ಣಿನ ಎಸಳನ್ನು ಸರಿಸಿ, ತುಂಡೊಂದನ್ನು ಅಗಿದು ರಸವನ್ನು ನುಂಗಿದ ಮೇಲೆ ಕೇಳುವ ಮೊದಲ ಮಾತು ಇಳುವರಿಯದಲ್ಲ, “ಇದರ ತಾಯಿ ಯಾವುದ್ರೀ ಸಾಹೇಬ್ರ?” ಎಂಬುದೇ. ಕೇಂದ್ರದವರು ದಫ್ತರದ ದಪ್ಪ ಪುಸ್ತಕವನ್ನು ತಂದು, ಹಾಳೆ ತಿರುವಿ, ಕೂಡಿಕೆಯ ವರ್ಷವನ್ನೂ ತಾಯಿಯ ಸಂಖ್ಯೆಯನ್ನೂ ತಂದೆಯ ಸಂಖ್ಯೆಯನ್ನೂ ಬೆರಳಿಟ್ಟು ಓದಿ ಹೇಳುತ್ತಾರೆ. ಬದುವಿನ ಮೇಲೆ ಕುಳಿತವರು ತಲೆದೂಗುತ್ತ, ಆ ತಾಯಿಯ ತಾಯಿ ಯಾವುದೆಂದು ಮತ್ತೆ ಕೇಳುತ್ತಾರೆ.